ಮುಂಬಾಗಿಲ ಶಾಂತಿ

ನಮ್ಮ ಅಡುಗೆಮನೆಯಲ್ಲಿ ಸವುಟು, ಜಾಲರಿ, ಲಟ್ಟಣಿಗೆಗಳನ್ನು ನಿಲ್ಲಿಸುವ ಒಂದು ಸ್ಟೀಲಿನ ಡಬ್ಬಿ ಇದೆ. ಅವುಗಳ ನಡುವೆ ಒಂದು ಕುಂಚವೂ ಇದೆ. ಬಿದಿರಿನ ಹಿಡಿ, ಹಿಡಿಯ ತುದಿಗೆ ಕೆಂಪು ದಾರದ ಕುಣಿಕೆ. ಹಬ್ಬದ ದಿನ ಹೋಳಿಗೆ ಹಂಚಿನ ಮೇಲೆ ಉಬ್ಬಿದಾಗ ನನ್ನ ಹೆಂಡತಿ ಸುಲಭಾ ಆ ಕುಂಚವನ್ನು ತುಪ್ಪದಲ್ಲಿ ಅದ್ದಿ ಹೋಳಿಗೆಯ ಮೈಗೆ ಸವರುತ್ತಾಳೆ. ಬಂದವರು, "ಎಲ್ಲಿ ಸಿಗತಾವ್ರಿ ಇಂಥಾವು?" ಎಂದು ಕೇಳಿದರೆ, "ಚೀನಾದಾಗ" ಎನ್ನುತ್ತಾಳೆ. ಅವರು ನಗುತ್ತಾರೆ. ಆದರೆ ಅದು ನಿಜವಾಗಿಯೂ ಚೀನಾದಿಂದಲೇ ಬಂದದ್ದು, ಬಂದದ್ದು ತುಪ್ಪ ಸವರಲಿಕ್ಕೂ ಅಲ್ಲ. ಅದರ ಕೂದಲು ಯಾವ ಪ್ರಾಣಿಯದು ಎಂದು ನಾನು ಈವರೆಗೆ ವಿಚಾರಿಸಿಲ್ಲ. ವಿಚಾರಿಸಿದರೆ ನಮ್ಮ ಅವ್ವ ಹೋಳಿಗೆ ತಿನ್ನುವುದನ್ನು ಬಿಡುತ್ತಾಳೆ.

ಆ ಕುಂಚದಿಂದ ನಾನು ಒಂದು ಚೀನೀ ಅಕ್ಷರ ಕಲಿತೆ. ಒಂದೇ ಒಂದು. ಒಂದೇ ಅಕ್ಷರ ಕಲಿತವನಿಗೆ ಪಂಡಿತನ ಗತ್ತು ಬರುವುದಿಲ್ಲ ಎಂದು ನೀವು ತಿಳಿದಿರಬಹುದು. ಬರುತ್ತದೆ. ಕಲಿತ ವಾರದಲ್ಲೇ ನಾನು ಓಣಿಯ ಚೈನೀಸ್ ಗಾಡಿಯ ಮುಂದೆ ನಿಂತು, ಅದರ ಮೇಲೆ ಬಿಡಿಸಿದ್ದ ಕೆಂಪು ಗೀರುಗಳನ್ನು ತಲೆ ಓರೆ ಮಾಡಿ ನೋಡಿ, "ಇದು ತಪ್ಪು ಐತಿ" ಎಂದು ಗೋಬಿ ಮಂಚೂರಿ ಕರಿಯುತ್ತಿದ್ದವನಿಗೆ ಹೇಳಿದ್ದೆ. ಅವನು, "ಉಪ್ಪ ಕಡಿಮಿ ಆಗೇತೇನ್ರಿ?" ಎಂದ.

ಇರಲಿ. ಈ ವಯಸ್ಸಿನಲ್ಲಿ ನನಗೆ ಚೀನೀ ಅಕ್ಷರದ ಗೊಡವೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಅದಕ್ಕೆ ಕಾರಣ ನಮ್ಮ ಮನೆಯ ಮುಂಬಾಗಿಲ ಬದಿಯ ಕಲ್ಲು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ನಡುವಿನ ಒಂದನ್ನು ಮರೆತಿದ್ದಾರೆ: ಮನೆಗೆ ಹೆಸರು ಬರೆಸಿ ನೋಡು. ಸದಾಶಿವನಗರದಲ್ಲಿ ನಾವು ಮನೆ ಕಟ್ಟಿಸಿದಾಗ ಬಾಗಿಲ ಬಲಬದಿಗೆ ಒಂದು ಕಪ್ಪು ಗ್ರಾನೈಟ್ ಕಲ್ಲು ಕೂಡಿಸಿದೆವು. ಮನೆಯ ಹೆಸರಿನ ಬಗ್ಗೆ ತಕರಾರೇ ಇರಲಿಲ್ಲ. "ಶಾಂತಿ" ಎಂದು ನಮ್ಮ ಅವ್ವ ಅಂದಳು. "ಶಾಂತಿ" ಎಂದು ನಮ್ಮ ಅತ್ತೆಯೂ ಅಂದರು. ಅತ್ತೆಯವರು ಖಾನಾಪುರದವರು, ಮರಾಠಿ ಮನೆತನ. ಅವರನ್ನು ಸುಲಭಾಳಂತೆ ನಾನೂ ಆಯಿ ಎಂದೇ ಕರೆಯುತ್ತೇನೆ. ಕಾಲೇಜಿನಲ್ಲಿ ನಾನು ಸುಲಭಾಳನ್ನು ಮೆಚ್ಚಿ ಮದುವೆಯಾದ ಮೇಲೆ ಈ ಬೀಗಿತ್ತಿಯರಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಅದೇ ಮೊದಲು. ಆಗ ಕಲ್ಲು ಕೊರೆಯುವವನು ಉಳಿ ತೆಗೆದು, ಎಲ್ಲರಿಗೂ ಕೇಳುವಂತೆ, "ಯಾವ ಅಕ್ಷರದಾಗ ಕೊರೀಲಿರಿ?" ಎಂದ.

"ಯಾವುದರಾಗ ಅಂದ್ರ? ಕನ್ನಡದಾಗ" ಎಂದಳು ಅವ್ವ.

"ಮರಾಠೀತ" ಎಂದರು ಆಯಿ, ಅದೇ ಉಸಿರಿನಲ್ಲಿ.

ಬೆಳಗಾವಿಯಲ್ಲಿ ಇರುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಬೇಕೆಂದರೆ, ಇಲ್ಲಿ ಜನ ಎರಡೂ ಭಾಷೆಗಳಲ್ಲಿ ಕೊಳ್ಳುತ್ತಾರೆ, ಬೈಯುತ್ತಾರೆ, ಅಳುತ್ತಾರೆ, ಕನಸು ಕಾಣುತ್ತಾರೆ. ತೊಡಕು ಬರುವುದು ಬರೆಯುವಾಗ ಮಾತ್ರ. ನಾನು ಎರಡರಲ್ಲೂ ಕೊರೆಯೋಣ ಎಂದೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಇಬ್ಬರೂ ಕೇಳಿದರು. ಪಕ್ಕಪಕ್ಕದಲ್ಲಿ ಎಂದೆ. ಎಡಕ್ಕಿರುವುದನ್ನೇ ಜನ ಮೊದಲು ಓದುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಬರೆಸಿಬಿಡಿ ಎಂದು ಸುಲಭಾ ಬೇಸತ್ತು ಹೇಳಿದಾಗ, "ನಾವೇನು ಇಂಗ್ಲಿಷರೇ?" ಎಂದು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗದರಿದರು. ಇಂಗ್ಲಿಷರ ವಿಷಯ ಬಂದರೆ ನಮ್ಮಲ್ಲಿ ಒಗ್ಗಟ್ಟು ಮೊದಲಿನಿಂದಲೂ ಇದೆ.

ನನಗೆ ಆಗ ಲೋಂಡಾ ನಿಲ್ದಾಣ ನೆನಪಾಯಿತು. ಸಣ್ಣವನಿದ್ದಾಗ ಗೋವಾದ ಸೋದರಮಾವನ ಮನೆಗೆ ಹೋಗುವಾಗ ಲೋಂಡಾದಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಸುತ್ತ ಕಾಡು, ಪ್ಲಾಟ್‌ಫಾರ್ಮಿನ ಮೇಲೆ ವಡಾ ಮಾರುವವರು, ವಡಾದ ಮೇಲೆ ಕಣ್ಣಿಟ್ಟ ಮಂಗಗಳು. ಅವ್ವ ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿ ಹಳದಿ ಬೋರ್ಡು ಓದಿಸುತ್ತಿದ್ದಳು. ಕನ್ನಡ ಓದಿದೆ, ಇಂಗ್ಲಿಷು ತಡವರಿಸಿದೆ, ನಡುವಿನ ಹಿಂದಿ ಬರಲಿಲ್ಲ. "ಅದನ್ನ ಬಿಡು, ಊರು ಅದ ಐತಿ" ಎಂದಿದ್ದಳು ಅವ್ವ. ಎಷ್ಟು ಸರಿಯಾಗಿ ಹೇಳಿದ್ದಳು ನೋಡಿ. ಈಗ ಅದೇ ಅವ್ವನ ಮುಂದೆ ನಾನು, "ರೈಲ್ವೆ ಬೋರ್ಡಿನಂಗ ಬರಸೂಣು, ಒಂದರ ಕೆಳಗ ಒಂದು, ಯಾರೂ ಜಗಳಾಡೂದಿಲ್ಲ" ಎಂದೆ. ಕನ್ನಡ ಎಲ್ಲಕ್ಕಿಂತ ಮೇಲಿರುತ್ತದೆಂದು ಅವ್ವ ಕೂಡಲೇ ಒಪ್ಪಿದಳು. ಅದಕ್ಕೇ ಆಯಿ ಒಪ್ಪಲಿಲ್ಲ. ಸುಲಭಾ ಮಾತ್ರ, "ಹಂಗಿದ್ರ ನನಗೊಂದ ಹಸರ ಬಾವುಟಾ ಕೊಡ್ರಿ. ಬಂದವರಿಗೆ ತೋರಸ್ಕೋತ ನಿಂದರತೀನಿ" ಎಂದಳು.

ಕಲ್ಲು ಖಾಲಿಯಾಗಿಯೇ ಉಳಿಯಿತು. ಗೃಹಪ್ರವೇಶದ ದಿನ ಅವ್ವ, ಈ ಕಲ್ಲಿನ ಮೇಲೆ ಕನ್ನಡ ಬರುವವರೆಗೂ ಈ ಬಾಗಿಲಲ್ಲಿ ಹಾಯುವುದಿಲ್ಲ ಎಂದು ಶಪಥ ಮಾಡಿ ಸುತ್ತುಹಾಕಿಕೊಂಡು ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಅಲ್ಲಿ ಆಯಿ ಆಗಲೇ ಕಾಲು ತೊಳೆದುಕೊಳ್ಳುತ್ತಿದ್ದರು. ಅವರೂ ಅಂಥದೇ ಶಪಥ ಮಾಡಿದ್ದರು, ಮರಾಠಿಯಲ್ಲಿ.

ಶಪಥವೇನೋ ಇಬ್ಬರದು, ಶಿಕ್ಷೆ ಮಾತ್ರ ಮನೆಯವರೆಲ್ಲರಿಗೂ ಆಯಿತು. ಅವ್ವ ನಮ್ಮೊಡನೆಯೇ ಇರುವವಳು. ಆಯಿ ಖಾನಾಪುರದಲ್ಲಿ ಮಗನ ಮನೆಯಲ್ಲಿ ಸುಖವಾಗಿದ್ದರೂ ಮನಸ್ಸು ಬಂದಾಗ ಬಸ್ಸು ಹತ್ತಿ ಮಗಳ ಮನೆಗೆ ಬರುವವರು. ಇಬ್ಬರೂ ಹಿತ್ತಲಿಂದ ಓಡಾಡುವಾಗ ನಾನು ಮುಂಬಾಗಿಲಿಂದ ಹೋದರೆ ಯಾರ ಪಕ್ಷ ಎಂದು ಆಗುತ್ತದೆ? ಮೆಲ್ಲಗೆ ನಾನೂ ಹಿತ್ತಲಿಗೆ ತಿರುಗಿದೆ. ಸುಲಭಾ "ಸುಸ್ವಾಗತ" ಎಂದು ಬರೆದ ಕಾಲೊರೆಸನ್ನು ಅಲ್ಲಿಗೇ ಹಾಕಿದಳು. ಕೊರಿಯರ್‌ನವನು, ಹಾಲಿನವನು, ಓಟು ಕೇಳಲು ಬಂದ ಎಲ್ಲ ಪಕ್ಷದವರೂ ಬಟ್ಟೆ ಒಗೆಯುವ ಕಲ್ಲು ಸುತ್ತಿಕೊಂಡು, ಒಣಹಾಕಿದ ಸೀರೆಯಡಿ ತಲೆ ತಗ್ಗಿಸಿಕೊಂಡು ಅಡುಗೆಮನೆಗೇ ಬರತೊಡಗಿದರು. ಮುಂಬಾಗಿಲು ನಮ್ಮೂರ ಮಳೆಗೆ ಉಬ್ಬಿ ಚೌಕಟ್ಟಿನಲ್ಲೇ ಕಚ್ಚಿಕೊಂಡಿತು. ತೇಗದ ಬಾಗಿಲು ಮಾಡಿಸಿದ್ದೆ, ಅದಕ್ಕೆ ಜೇಡ ಬಲೆ ಕಟ್ಟಿತು.

ಅವ್ವ ಮತ್ತು ಆಯಿ ಮಾತು ಬಿಟ್ಟವರಲ್ಲ, ಅದೊಂದು ಸಮಾಧಾನ. ದಿನವಿಡೀ ಮಾತಾಡುತ್ತಿದ್ದರು. ಅವ್ವ ಕನ್ನಡದಲ್ಲಿ, ಆಯಿ ಮರಾಠಿಯಲ್ಲಿ. "ನನಗ ಮರಾಠಿ ತಿಳಿಯೂದಿಲ್ಲವಾ" ಎನ್ನುವ ಅವ್ವ ಮರಾಠಿ ಧಾರಾವಾಹಿಯ ಅತ್ತೆ ಬೈದಾಗ ಸೊಸೆಗಿಂತ ಮೊದಲು ಕಣ್ಣೀರು ಒರೆಸುತ್ತಿದ್ದಳು. "ಮಲಾ ಕಾನಡಿ ಯೇತ ನಾಹಿ" ಎನ್ನುವ ಆಯಿ ಖಾನಾಪುರದ ಸಂತೆಯಲ್ಲಿ ಬದನೆಕಾಯಿಯವಳ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಒಬ್ಬರ ಮುಂದೆ ಒಬ್ಬರು ಮಾತ್ರ ತಮ್ಮ ಗಡಿ ದಾಟುತ್ತಿರಲಿಲ್ಲ.

ಹೀಗೇ ವರ್ಷಗಳು ಹೋಗುತ್ತಿದ್ದವೋ ಏನೋ. ಆದರೆ ನಮ್ಮ ಮಗಳು ಗೌರಿಯ ಸಂಬಂಧ ಗೋಕಾಕದ ಕಡೆ ಕೂಡಿಬಂತು. ನಿಶ್ಚಯ ಕಾರ್ಯ ನಮ್ಮ ಮನೆಯಲ್ಲೇ ಎಂದಾಯಿತು. ಗಂಡಿನವರು ಬಂದಾಗ ಮನೆಯ ಹಿರಿಯ ಹೆಂಗಸರು ಮುಂಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೊಟ್ಟು ಆರತಿ ಮಾಡಬೇಕು. ಈ ಮಾತು ಬಂದಾಗ ಅವ್ವ ಶೇಂಗಾ ಸುಲಿಯುವುದನ್ನು ಬಿಟ್ಟು, "ನಾ ಹಿತ್ತಲದಾಗ ನಿಂದರತೀನಿ" ಎಂದಳು. ಆಯಿ ಫೋನಿನಲ್ಲಿ ಅದನ್ನೇ ಅಂದರು.

ಗೌರಿ ಬಹಳ ಸಮಾಧಾನದ ಹುಡುಗಿ. ಅವಳು ಏನೂ ಕೂಗಾಡಲಿಲ್ಲ. "ಪಪ್ಪಾ, ಅಮ್ಮ ಮತ್ತ ಆಯಿ ಇಬ್ರೂ ಮುಂದಿನ ಬಾಗಲದಾಗ ನಿಂದರಲಿಲ್ಲಂದ್ರ ನಿಶ್ಚಯ ಬ್ಯಾಡ. ನಾನೂ ಹಿತ್ತಲ ಬಾಗಲದಿಂದ ಹೋಗಿ ರಿಜಿಸ್ಟರ್ ಲಗ್ನಾ ಆಗಿ ಬರತೀನಿ" ಎಂದಳು. ನನ್ನ ಅವ್ವನನ್ನು ಅವಳು ಅಮ್ಮ ಎನ್ನುವುದು. ಸುಲಭಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಾನೂ ಹೋದೆ. ಅವಳು ಕಟ್ಟೆಗೆ ಆನಿಕೊಂಡು ನಿಂತಿದ್ದಳು. "ಇಬ್ಬರ ಅವ್ವಂದಿರಿಗೆ ಹಿತ್ತಲ ಚಿಲಕಾ ತಗದ ತಗದ ನನಗ ಸಾಕಾಗೇತ್ರಿ. ಮಗಳ ಲಗ್ನಕ್ಕರ ಮುಂದಿನ ಬಾಗಲಾ ತಗೀಬೇಕ ಅನಸತೈತಿ" ಎಂದಳು. ಆ ಕಲ್ಲನ್ನು ತುಂಬಿಸದೆ ನನಗೆ ಗತಿಯಿರಲಿಲ್ಲ.

ಇಷ್ಟರಲ್ಲಿ ನಾನು ಕೆಲಸ ಮಾಡುವ ಉದ್ಯಮಬಾಗದ ಕಾರ್ಖಾನೆಗೆ ಚೀನಾದಿಂದ ಒಂದು ಯಂತ್ರ ಬಂತು. ನಾನು ಖರೀದಿ ವಿಭಾಗದವನು, ಆದ್ದರಿಂದ ಯಂತ್ರ ನಡೆದರೆ ಕೀರ್ತಿ ಎಂಜಿನಿಯರರಿಗೆ, ನಿಂತರೆ ಅಪಕೀರ್ತಿ ನನಗೆ. ಅದನ್ನು ಕೂಡಿಸಲು ಚೆನ್ ಎಂಬವರೊಬ್ಬರು ಬಂದರು. ತೆಳ್ಳಗಿನ ಮನುಷ್ಯ, ನನ್ನದೇ ವಯಸ್ಸು, ಯಾವಾಗಲೂ ಬಿಸಿನೀರು ಕುಡಿಯುವವರು. ಯಂತ್ರದ ಮೇಲೆ ಕೆಲಸ ಮಾಡುವ ಪರಶುರಾಮ ಮೊದಲ ದಿನವೇ ಅವರನ್ನು ಚೆನ್ನಪ್ಪ ಸಾಹೇಬರನ್ನಾಗಿ ಮಾಡಿದ.

ಚೆನ್ನಪ್ಪ ಸಾಹೇಬರು ತಮ್ಮ ಫೋನಿಗೆ ಚೀನೀ ಭಾಷೆಯಲ್ಲಿ ಹೇಳುತ್ತಿದ್ದರು, ಫೋನು ಅದನ್ನು ಕನ್ನಡದಲ್ಲಿ ನಮಗೆ ಹೇಳುತ್ತಿತ್ತು. ಎಂಥ ಕನ್ನಡ! "ದಯಮಾಡಿ ಕವಾಟವನ್ನು ಮುಚ್ಚಿರಿ. ತದನಂತರ ಗುಂಡಿಯನ್ನು ಒತ್ತಿರಿ." ಎಣ್ಣೆ ಕೈ ಒರೆಸಿಕೊಳ್ಳುತ್ತಿದ್ದ ಪರಶುರಾಮ ಬೆರಗಾಗಿ, "ಸಾಹೇಬ್ರ, ಈ ಚೀನಾದಂವಾ ಬೆಂಗಳೂರ ರೇಡಿಯೋದವರಂಗ ಮಾತಾಡತಾನಲ್ರಿ. ನಮ್ಮ ಕನ್ನಡಾ ಇವರಿಗೆ ತಿಳಿಯೂದು ಕಷ್ಟ ಐತಿ" ಎಂದ. ಅದು ಹಾಗೆಯೇ ಆಯಿತು. ಹೊರಡುವ ಹೊತ್ತಿಗೆ ನಾವು "ಹೊಂಡೂಣೇನ್ರಿ?" ಎಂದರೆ ಫೋನು ಸುಮ್ಮನೆ ಕುಳಿತಿರುತ್ತಿತ್ತು.

ಯಂತ್ರದ ಬಾಗಿಲಿಗೆ ಹಳದಿ ಚೀಟಿ ಅಂಟಿಸಿತ್ತು, ಅದರ ಮೇಲೆ ಎರಡು ಚೀನೀ ಅಕ್ಷರ. ಏನು ಎಂದು ಕೇಳಿದೆ. "ಸುರಕ್ಷತೆ" ಎಂದಿತು ಫೋನು. ಚೆನ್ ಮೊದಲನೆಯ ಅಕ್ಷರದ ಮೇಲೆ ಬೆರಳಿಟ್ಟು, ಅದೊಂದನ್ನೇ ಹೇಳಿದರು. "ಶಾಂತಿ. ನೆಮ್ಮದಿ" ಎಂದಿತು ಫೋನು.

ನಾನು ಅಲ್ಲೇ ನಿಂತುಬಿಟ್ಟೆ. ಯಾರದೂ ಅಲ್ಲದ ಅಕ್ಷರದಲ್ಲಿ ಶಾಂತಿ! ಮೇಲೆ ಕೆಳಗೆ ಇಲ್ಲ, ಎಡಬಲ ಇಲ್ಲ, ಅವ್ವನದಲ್ಲ, ಆಯಿಯದಲ್ಲ. ಖರೀದಿ ವಿಭಾಗದಲ್ಲಿ ಇದ್ದು ಇದ್ದು ನನಗೆ ಹೀಗೆ ಹೊರಗಿನ ಮಾಲಿನ ಮೇಲೆ ಭರವಸೆ ಹೆಚ್ಚು. ಚೆನ್ ಅವರಿಗೆ ಕಲಿಸಿಕೊಡಿ ಎಂದು ಕೈಸನ್ನೆ ಮಾಡಿದೆ. ಅವರು ಮರುದಿನ ಊಟದ ವೇಳೆಗೆ ಆ ಬಿದಿರಿನ ಕುಂಚವನ್ನೂ ಒಂದು ಬಟ್ಟಲು ನೀರನ್ನೂ ತಂದು, ಕಾರ್ಖಾನೆಯ ನೆಲದ ಮೇಲೆ ಕುಳಿತರು. ನೀರಿನಿಂದ ನೆಲದ ಮೇಲೆ ಬರೆಯುವುದು. ಬರೆದದ್ದು ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಮತ್ತೆ ಬರೆಯುವುದು.

ಅಕ್ಷರ ಇದು: 安. ಮೇಲಿನದು ಮನೆಯ ಸೂರು. ಕೆಳಗಿನದು ಹೆಣ್ಣುಮಗಳು. ಸೂರಿನ ಕೆಳಗೆ ಹೆಣ್ಣುಮಗಳು ಇದ್ದರೆ ಶಾಂತಿ. ನಾನು ಮೊದಲು ಕೆಳಗಿನದನ್ನು ಬರೆದು ಆಮೇಲೆ ಸೂರು ಹಾಕಿದೆ. ನಮ್ಮಲ್ಲಿ ಗೋಡೆ ಎದ್ದ ಮೇಲಲ್ಲವೇ ಮಾಳಿಗೆ? ಚೆನ್ ತಲೆ ಅಲ್ಲಾಡಿಸಿದರು. ಫೋನು ಹೇಳಿತು: "ಮೊದಲು ಸೂರು. ಇಲ್ಲವಾದಲ್ಲಿ ಹೆಣ್ಣುಮಗಳು ನೆನೆಯುತ್ತಾಳೆ." ಬೆಳಗಾವಿಯ ಮಳೆ ಕಂಡವನಿಗೆ ಈ ವಾದ ಕೂಡಲೇ ಮನವರಿಕೆಯಾಯಿತು.

ಎರಡನೆಯ ತಪ್ಪು ನನ್ನ ಕೈಯದಲ್ಲ, ನನ್ನ ಸಾಲೆಯದು. ನೀವೂ ಪಾಟಿಯ ಮೇಲೆ ಅಕ್ಷರ ಕಲಿತವರಾದರೆ ನಿಮಗೂ ಈ ತಪ್ಪು ಆಗುತ್ತಿತ್ತು. ನಮಗೆ ಅಕ್ಷರವನ್ನು ಬರೆಯಲು ಯಾರೂ ಕಲಿಸಲಿಲ್ಲ, ತಿದ್ದಲು ಕಲಿಸಿದರು. ಅವ್ವ ಪಾಟಿಯ ತುಂಬ ಒಂದು ದೊಡ್ಡ ಅ ಬರೆದು, ನನ್ನ ಕೈಯಲ್ಲಿ ಬಳಪ ಕೊಟ್ಟು, ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, "ತಿದ್ದು" ಎನ್ನುತ್ತಿದ್ದಳು. ಅದರ ಮೇಲೇ ತಿದ್ದು, ಮತ್ತೆ ತಿದ್ದು. ಆ ಅ ತಿದ್ದಿ ತಿದ್ದಿ ಗರ್ಭಿಣಿಯಂತೆ ದಪ್ಪಗಾಗುತ್ತಿತ್ತು. ಬಳಪದ ಅರ್ಧ ಪಾಟಿಗೆ ಹೋದರೆ ಅರ್ಧ ನನ್ನ ಹೊಟ್ಟೆಗೆ ಹೋಗುತ್ತಿತ್ತು, ಆ ಮಣ್ಣಿನ ರುಚಿ ಈಗಲೂ ನಾಲಿಗೆಗೆ ಬರುತ್ತದೆ. ಅವ್ವ ಎದ್ದು ಒಲೆಯ ಕಡೆ ಹೋದರೆ ಎಂಜಲು ಹಚ್ಚಿ ಅಳಿಸಿಬಿಡುತ್ತಿದ್ದೆ. ಹೀಗೆ ಕಲಿತವರಿಗೆ ಒಂದು ನಂಬಿಕೆ ಬೇರೂರಿರುತ್ತದೆ: ತಪ್ಪಿದ್ದು ಏನಿದ್ದರೂ ಅದರ ಮೇಲೇ ಇನ್ನೊಂದು ಸಲ ಹಾಯ್ದರೆ ಸರಿಹೋಗುತ್ತದೆ. ಅಕ್ಷರವಷ್ಟೇ ಅಲ್ಲ, ಮಕ್ಕಳು ಸಹ. ಸುಲಭಾ ನನ್ನನ್ನು ಇಷ್ಟು ವರ್ಷ ಹಾಗೆಯೇ ತಿದ್ದುತ್ತ ಬಂದಿದ್ದಾಳೆ, ನಾನೂ ದಪ್ಪಗಾಗಿದ್ದೇನೆ.

ಹಾಗಾಗಿ ನನ್ನ ಗೀರು ಸೊಟ್ಟಗಾದ ಕೂಡಲೇ ಕುಂಚ ತಾನಾಗಿ ಹಿಂದಕ್ಕೆ ಹೋಗಿ ಅದರ ಮೇಲೇ ಮತ್ತೆ ಹಾಯ್ದಿತು. ಚೆನ್ ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದರು. ಕೈ ಯಂತ್ರಕ್ಕೆ ಸಿಕ್ಕಿದ್ದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಫೋನು ಗಂಭೀರವಾಗಿ, "ಬರೆದುದನ್ನು ಮರಳಿ ಸ್ಪರ್ಶಿಸಬೇಡಿರಿ. ಗೀರು ಸತ್ತುಹೋಗುತ್ತದೆ" ಎಂದಿತು. ಸೊಟ್ಟಗಾದರೆ ಸೊಟ್ಟಗೇ ಇರಲಿ, ಅದು ನಿನ್ನ ಕೈ, ಮುಂದಿನ ಸಲ ಚೆನ್ನಾಗಿ ಬರೆ ಎಂಬುದು ಅವರ ಧೋರಣೆ. ಕೇಳಲು ಸುಲಭ. ಆದರೆ ತಪ್ಪಿದ ಗೀರಿನ ಮುಂದೆ ಸುಮ್ಮನೆ ಕುಳಿತಾಗ ನನ್ನ ಕೈ ತುರಿಸಿದಷ್ಟು ಗಜಕರ್ಣ ಬಂದಾಗಲೂ ತುರಿಸಿರಲಿಲ್ಲ.

ಕುಂಚವನ್ನು ಅವರು ನನಗೇ ಕೊಟ್ಟರು. ನಾನು ದಿನಾ ಬೆಳಿಗ್ಗೆ ಹಿತ್ತಲಿಂದ ಸುತ್ತುಹಾಕಿ ಮುಂದೆ ಬಂದು, ಆ ಕಪ್ಪು ಕಲ್ಲಿನ ಮೇಲೇ ನೀರಿನಿಂದ ಅಭ್ಯಾಸ ಮಾಡತೊಡಗಿದೆ. ಬಿಸಿಲು ಏರಿದರೆ ಅಕ್ಷರ ಮಾಯ, ಆರಿಹೋಗುವ ಅಕ್ಷರಕ್ಕೆ ಯಾರ ತಕರಾರು? ಕನ್ನಡದ ಕೈ ಎಲ್ಲಿ ಮೂಲೆ ಕಂಡರೂ ಉರುಟು ಮಾಡುತ್ತಿತ್ತು. ಸೂರು ಕೊಡೆಯಂತಾಗುತ್ತಿತ್ತು, ಹೆಣ್ಣುಮಗಳು ಜಿಲೇಬಿಯಂತೆ. ಸುಲಭಾ ಚಹಾ ತಂದು ನೋಡುತ್ತ ನಿಂತಳು. ಅರ್ಥ ಹೇಳಿದೆ. ಅವಳು ಚಹಾದ ಕಪ್ಪನ್ನು ನನ್ನ ಕೈಗಿಟ್ಟು, "ಸೂರಿನ ಕೆಳಗ ಒಬ್ಬಾಕಿ ಕುಂತ್ರ ಶಾಂತೀನ? ಯಾರಿಗೆ ಶಾಂತಿ? ಈ ಅಕ್ಷರಾ ಮಾಡಿದಂವಾ ಗಂಡಸ ಇರಬೇಕು" ಎಂದಳು. ಆದರೂ ಅಂದು ಸಂಜೆ ಬಡಿಗನನ್ನು ಕರೆಸಿ ಮುಂಬಾಗಿಲನ್ನು ಹೆರೆಸಿದಳು, ಜೇಡನ ಬಲೆ ತೆಗೆಸಿದಳು. ಬಾಗಿಲು ತೆರೆದುಕೊಂಡಾಗ ಪಡಸಾಲೆಯೊಳಕ್ಕೆ ಬಂದ ಬೆಳಕು ನಮಗೇ ಹೊಸದೆನಿಸಿತು.

ನಿಶ್ಚಯದ ದಿನ ಬೆಳಿಗ್ಗೆ ಕಾರ್ಖಾನೆಯ ಹಳದಿ ಪೇಂಟು, ಒಂದು ಸಾದಾ ಬ್ರಶ್ಶು ಹಿಡಿದು ಕಲ್ಲಿನ ಮುಂದೆ ನಿಂತೆ. ಅವ್ವ, ಆಯಿ ಇಬ್ಬರೂ ಅಡುಗೆಮನೆಯಲ್ಲಿ ಕುಂದಾ ಮಿಠಾಯಿಯ ಡಬ್ಬಿ ಕಾಯುತ್ತ ಕುಳಿತಿದ್ದರು. ಆಯಿ ಹಿಂದಿನ ದಿನವೇ ಬಂದಿದ್ದರು, ಹಿತ್ತಲಿಂದ. ನಾನು ಉಸಿರು ಬಿಗಿಹಿಡಿದು ಬರೆದೆ. ಮೊದಲು ಸೂರು, ಆಮೇಲೆ ಹೆಣ್ಣುಮಗಳು. ಕೊನೆಯ ಅಡ್ಡ ಗೀರು ನಡುವೆ ಸ್ವಲ್ಪ ನಡುಗಿತು. ತಿದ್ದಬೇಕೆಂದು ಪ್ರಾಣ ಹೋಗುತ್ತಿತ್ತು. ಬ್ರಶ್ಶನ್ನು ಡಬ್ಬಿಯಲ್ಲಿಟ್ಟು ಕೈ ಹಿಂದೆ ಕಟ್ಟಿಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ತಪ್ಪನ್ನು ಅದರ ಪಾಡಿಗೆ ಬಿಟ್ಟಿದ್ದೆ, ಆ ಹೆಮ್ಮೆಯಲ್ಲಿದ್ದಾಗ ಪಕ್ಕದ ಮನೆಯ ದೇಸಾಯರು ಕಾಂಪೌಂಡಿನ ಮೇಲಿಂದ ಓಣಿಗೆಲ್ಲ ಕೇಳುವಂತೆ, "ಅಂತೂ ಕಲ್ಲಿನ ಮ್ಯಾಲೆ ಬರದಬಿಟ್ರಲ್ರೀ!" ಎಂದು ಕೂಗಿದರು.

ಒಳಗೆ ಡಬ್ಬಿ ಬಿದ್ದ ಸದ್ದಾಯಿತು. ನಾನು ಕದ್ದು ಮರಾಠಿ ಬರೆಸಿದೆ ಎಂದು ಅವ್ವನಿಗೆ, ಕನ್ನಡ ಬರೆಸಿದೆ ಎಂದು ಆಯಿಗೆ ಅನುಮಾನ ಬಂದಿತ್ತು. ಹಿತ್ತಲಿಂದ ಸುತ್ತಿ ಬರುವಷ್ಟು ವ್ಯವಧಾನ ಯಾರಿಗಿದೆ? ಇಬ್ಬರೂ ಪಡಸಾಲೆ ಹಾಯ್ದು, ಒಬ್ಬರನ್ನೊಬ್ಬರು ಮೊಣಕೈಯಿಂದ ಸರಿಸುತ್ತ, ಮುಂಬಾಗಿಲಿನಿಂದಲೇ ಹೊರಗೆ ಬಂದರು. ಅವರ ಹಿಂದೆ ಹೊಸ್ತಿಲೊಳಗೆ ನಿಂತಿದ್ದ ಸುಲಭಾ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟಳು.

"ಹೇ ಕಾಯ?" ಎಂದರು ಆಯಿ.

"ಏನಪಾ ಇದು?" ಎಂದಳು ಅವ್ವ.

ಚೀನೀ ಅಕ್ಷರ, ಶಾಂತಿ ಅಂತ ಅರ್ಥ ಎಂದೆ. ಅವ್ವ ಕಲ್ಲಿನ ಹತ್ತಿರಕ್ಕೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಚೀನಾದ್ದಾ? ಚೀನಾ ಮಾಲು ಬಾಳಕಿ ಬರೂದಿಲ್ಲ. ಮತ್ತ ಎಷ್ಟ ಮೂಲಿ ಅದಾವ ನೋಡು ಇದಕ್ಕ, ಮೈಗೆ ಚುಚ್ಚೂವಂಗ ಐತಿ" ಎಂದವಳೇ, ನಾನು ಬೇಡ ಎನ್ನುವುದರೊಳಗೆ ಬ್ರಶ್ಶು ತೆಗೆದುಕೊಂಡು ಸೂರಿನ ಎರಡೂ ಮೂಲೆಗಳನ್ನು ಉರುಟಾಗಿ ತಿದ್ದಿದಳು. ನಡುಗಿದ ಅಡ್ಡ ಗೀರಿನ ಮೇಲೆ ಮತ್ತೆ ಹಾಯ್ದಳು. ಕೊನೆಗೆ ಬಲಗಡೆ ಮೇಲೆ ಒಂದು ತಲೆಕಟ್ಟು ಎಳೆದು, "ಹಾಂ, ಈಗ ಅಕ್ಷರದಂಗ ಆತು" ಎಂದಳು. ಪಾಟಿಯ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ ಅದೇ ಕೈ, ಅದೇ ಓಟ. ಗೀರು ಸತ್ತುಹೋಗುತ್ತದೆ ಎಂದು ನಾನು ಹೇಳಲಿಲ್ಲ.

ಆಯಿ ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದರು. ಅವರ ದೃಷ್ಟಿ ಅಕ್ಷರದ ನೆತ್ತಿಯ ಮೇಲಿತ್ತು. ಆಮೇಲೆ ಅವರು ಅವ್ವನ ಕಡೆ ತಿರುಗಿ ಹೇಳಿದರು:

"ಬೀಗತೇರ, ಬ್ರಶ್ ಇಲ್ಲಿ ಕೊಡ್ರಿ. ತಲಿ ಮ್ಯಾಲೆ ಗೆರಿ ಇಲ್ಲದ ಅಕ್ಷರ ಬೋಳ ಬೋಳ ಕಾಣತೈತಿ."

ಕನ್ನಡದಲ್ಲಿ ಹೇಳಿದರು. ನಾನು ಸುಲಭಾಳ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಿದಳು. ಅವ್ವ ಬ್ರಶ್ಶನ್ನು ಮುಂದೆ ಚಾಚಿ, "ಘ್ಯಾ, ವಿಹೀಣಬಾಯಿ" ಎಂದಳು. ತೊಗೊಳ್ರಿ ಬೀಗತೇರ ಎಂದು, ಅಚ್ಚ ಮರಾಠಿಯಲ್ಲಿ, ಧಾರಾವಾಹಿಯ ಅತ್ತೆಯ ಧಾಟಿಯಲ್ಲಿ. ಇಷ್ಟು ವರ್ಷ ಒಂದೇ ಮನೆಯಲ್ಲಿ ಕಾಯುತ್ತಿದ್ದ ಮಾತು ಬರಲು ಒಂದು ಡಬ್ಬಿ ಹಳದಿ ಪೇಂಟು ಸಾಕಾಯಿತಲ್ಲ ಎಂದು ಸಂತೋಷವೂ ಆಯಿತು, ಸಿಟ್ಟೂ ಬಂತು.

ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಕ್ಷರದ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ನೆಟ್ಟಗೆ, ಮರಾಠಿ ಅಕ್ಷರಕ್ಕಿರುವಂಥ ಒಂದು ರೇಖೆ ಎಳೆದರು. ಅವ್ವನ ತಲೆಕಟ್ಟಿಗೆ ಅದು ತಾಗಲಿಲ್ಲ, ಅದರ ಮಗ್ಗುಲಿಗೆ ನಿಂತಿತು. ಇಬ್ಬರೂ ಹಿಂದಕ್ಕೆ ಸರಿದು ನೋಡಿದರು. ಇಬ್ಬರ ಮುಖದಲ್ಲೂ ಗೆದ್ದವರ ಕಳೆಯಿತ್ತು.

ಅಷ್ಟರಲ್ಲಿ ಗೇಟಿನ ಬಳಿ ಕಾರಿನ ಹಾರ್ನು ಕೇಳಿತು. ಸುಲಭಾ ಕಾಯುತ್ತಿದ್ದವಳಂತೆ ಒಳಗಿಂದ ಆರತಿಯ ತಟ್ಟೆ ತಂದು ಅವ್ವನ ಕೈಗಿಟ್ಟಳು, ನೀರಿನ ತಂಬಿಗೆಯನ್ನು ಆಯಿಯ ಕೈಗಿಟ್ಟಳು. ತಾವು ಎಲ್ಲಿ ನಿಂತಿದ್ದೇವೆ ಎಂಬುದು ಇಬ್ಬರಿಗೂ ಹೊಳೆದದ್ದು ಆಗ. ಅವ್ವ ಹೊಸ್ತಿಲನ್ನು ನೋಡಿದಳು, ಆಯಿ ಕಲ್ಲನ್ನು ನೋಡಿದರು. ಗಂಡಿನವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಕಿಟಕಿಯ ಪರದೆಯ ಹಿಂದೆ ಗೌರಿ ನಿಂತಿದ್ದಳು, ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಕಾಲಿಗೆ ನೀರು ಬಿತ್ತು, ಆರತಿ ಆಯಿತು.

ಬೀಗರು ಹೊಸ್ತಿಲು ದಾಟುವ ಮೊದಲು ಕಲ್ಲಿನ ಮುಂದೆ ನಿಂತು, "ಇದೇನ್ರಿ ಬರದೀರಿ?" ಎಂದು ಕೇಳಿದರು.

"ಶಾಂತಿ ಅಂತರೀ, ಕನ್ನಡಾ" ಎಂದಳು ಅವ್ವ.

"ಶಾಂತಿ, ಮರಾಠೀತ" ಎಂದರು ಆಯಿ.

ಬೀಗರು ಕಾಳಿನ ದಲಾಲಿ ಮಾಡಿದವರು. ಇಬ್ಬರ ಮುಖವನ್ನೂ ನೋಡಿ, ಕಲ್ಲನ್ನು ಇನ್ನೊಮ್ಮೆ ನೋಡಿ, "ಖರೇ ಅದರೀ, ಎರಡೂ ಕಾಣತಾವು" ಎಂದು ಒಳಗೆ ನಡೆದರು. ಇಂಥ ಮನೆಗೆ ಮಗಳನ್ನು ಕೊಡಲು ನನಗೆ ಚಿಂತೆಯೇನೂ ಉಳಿಯಲಿಲ್ಲ.

ಅಂದಿನಿಂದ ಎಲ್ಲರೂ ಮುಂಬಾಗಿಲಲ್ಲೇ ಓಡಾಡುತ್ತೇವೆ. ಶಪಥ ಮುರಿಯಿತು ಎಂದು ಯಾರೂ ಅನ್ನುವುದಿಲ್ಲ, ಏಕೆಂದರೆ ಕಲ್ಲಿನ ಮೇಲೆ ತಮ್ಮ ಅಕ್ಷರ ಬಂದಿದೆ ಎಂಬುದು ಇಬ್ಬರ ಖಾತ್ರಿ. ಅವರಿಬ್ಬರ ನಡುವಿನ ಮಾತು ಮಾರನೆಯ ದಿನದಿಂದಲೇ ಮೊದಲಿನಂತೆ ಅವ್ವನದು ಕನ್ನಡಕ್ಕೆ, ಆಯಿಯದು ಮರಾಠಿಗೆ ಮರಳಿತು. ನೆಂಟರು ಬಂದಾಗ ಸೂರಿನ ಕೆಳಗಿನ ಹೆಣ್ಣುಮಗಳು ತಾನೇ ಎಂದು ಅವ್ವ ಹೇಳುವುದುಂಟು. ಆಯಿ ಬಂದ ದಿನ ಅವರೂ ಹೇಳುತ್ತಾರೆ. ಸುಲಭಾ ಆಗ ಚಹಾ ಸೋಸುತ್ತಿರುತ್ತಾಳೆ.

ಯಂತ್ರ ಚೆನ್ನಾಗಿ ನಡೆಯತೊಡಗಿದ ಮೇಲೆ ಚೆನ್ ತಮ್ಮ ಊರಿಗೆ ಹೊರಟರು. ಹೊರಡುವ ಮುಂಚಿನ ಭಾನುವಾರ ಅವರನ್ನು ಊಟಕ್ಕೆ ಕರೆದೆ. ಕಲ್ಲಿನ ವಿಷಯ ಅವರಿಗೆ ಮೊದಲೇ ಹೇಳಿರಲಿಲ್ಲ. ಶಿಷ್ಯನ ಅಕ್ಷರವನ್ನು ಗುರುಗಳು ತಾವಾಗಿ ಕಂಡು ಹಿಗ್ಗಲಿ ಎಂದು ನನ್ನ ಆಸೆ. ಆಯಿಯೂ ಬಂದಿದ್ದರು. ಅವ್ವ ಮತ್ತು ಆಯಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತರು, ಒಳಗಿಂದ ಹೋಳಿಗೆಯ ಘಮ ಬರುತ್ತಿತ್ತು.

ಚೆನ್ ಕಲ್ಲಿನ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. ತಲೆಯನ್ನು ಒಂದು ಕಡೆಗೆ ಓರೆ ಮಾಡಿದರು, ಇನ್ನೊಂದು ಕಡೆಗೆ ಓರೆ ಮಾಡಿದರು. ಆಮೇಲೆ ಮೆಚ್ಚುಗೆಯಿಂದ ಮುಗುಳ್ನಕ್ಕು, ಫೋನು ತೆಗೆದು ಅದಕ್ಕೆ ಮೆಲ್ಲಗೆ ಏನೋ ಹೇಳಿದರು. ಫೋನು ತನ್ನ ಶುದ್ಧ ಕನ್ನಡದಲ್ಲಿ, ಹತ್ತಿರವಿದ್ದ ನನಗಷ್ಟೇ ಕೇಳುವ ದನಿಯಲ್ಲಿ, ನನ್ನನ್ನು ಕೇಳಿತು:

"ಬಹಳ ಸುಂದರವಾಗಿದೆ. ಇದು ಯಾವ ಭಾಷೆಯ ಅಕ್ಷರ?"

"ಏನಂದ್ರಪಾ?" ಎಂದಳು ಅವ್ವ. ಆಯಿಯೂ ಕತ್ತು ಮುಂದೆ ಚಾಚಿದರು.

"ಭಾಳ ಛಂದ ಐತಿ ಅಂದ್ರು" ಎಂದೆ. ಇಬ್ಬರೂ ಸೆರಗು ಸರಿಮಾಡಿಕೊಂಡರು.

ಚೆನ್ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ನಾನು ಕಲ್ಲನ್ನು ನೋಡಿದೆ. ನನ್ನ ಸೂರು ಅವ್ವನ ಉರುಟಿನೊಳಗೆ ಹೋಗಿತ್ತು, ನನ್ನ ಹೆಣ್ಣುಮಗಳು ಆಯಿಯ ರೇಖೆಗೆ ಜೋತುಬಿದ್ದಿದ್ದಳು. ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲದ ಆ ಅಕ್ಷರದ ಬಗ್ಗೆ ನನಗೆ ನಾಚಿಕೆಯಾಗಲಿಲ್ಲ. ಫೋನಿನ ಹತ್ತಿರ ಬಾಗಿ, ನಿಧಾನವಾಗಿ, ಅದಕ್ಕೆ ತಿಳಿಯುವ ಕನ್ನಡದಲ್ಲಿ, "ಇದು ನಮ್ಮ ಮನೆಯದು" ಎಂದೆ.

ಫೋನು ಅದನ್ನು ಚೀನೀ ಭಾಷೆಯಲ್ಲಿ ಅವರಿಗೆ ಹೇಳಿತು. ಏನು ಹೇಳಿತೋ ನನಗೆ ಗೊತ್ತಿಲ್ಲ. ಅವರು ತಲೆಯಾಡಿಸಿ, ಬೂಟು ಬಿಚ್ಚಿ, ಆಯಿ ಹಾಕಿದ ನೀರಿನಲ್ಲಿ ಕಾಲು ತೊಳೆದುಕೊಂಡು, ಮುಂಬಾಗಿಲಿನಿಂದ ಒಳಗೆ ಬಂದರು.